ಮೂರನೆಯ ತರಗತಿಯ ಹುಡುಗಿ, ಏಳನೆಯ ತರಗತಿಯ ಗಣಿತ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಮಗಳಿಗೆ 8 ವರ್ಷ, ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿ. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ಹಣ್ಣು ತೂಗುವಾಗ ನನ್ನ ಪಕ್ಕದಲ್ಲಿ ನಿಂತಿರುತ್ತಾಳೆ. ಕಿಲೋಗೆ ಐದೂವರೆ ರೂಪಾಯಿಯಂತೆ ಯಾರಿಗೆ ಎಷ್ಟು ಕೂಲಿ ಎಂಬುದನ್ನು ನಾನು ಕ್ಯಾಲ್ಕುಲೇಟರ್ ಒತ್ತುವ ಮೊದಲೇ ಹೇಳಿಬಿಡುತ್ತಾಳೆ. ಒಬ್ಬರಿಗೆ 46 ಕಿಲೋ ಬಂದಾಗ ‘ಐದರಂತೆ 230, ಅರ್ಧದಂತೆ 23, ಒಟ್ಟು 253’ ಎಂದಳು. ಗಂಡ ಹೆಂಡತಿ ಸೇರಿ 98 ಕಿಲೋ ತಂದಾಗ ‘ನೂರು ಕಿಲೋಗೆ 550, ಅದರಲ್ಲಿ 11 ಕಡಿಮೆ’ ಎಂದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅಕ್ಕನ ಮಗನ ಏಳನೆಯ ತರಗತಿಯ ಗಣಿತ ಪುಸ್ತಕದಲ್ಲಿ ಹೆಚ್ಚಿನದನ್ನು ತಾನೇ ಮಾಡುತ್ತಾಳೆ. ಕನ್ನಡ ಓದು ಬರಹ ತರಗತಿಗೆ ತಕ್ಕಂತೆ ಇದೆ, ಇಂಗ್ಲಿಷ್ ಸ್ವಲ್ಪ ಹಿಂದೆ. ಮುಖ್ಯೋಪಾಧ್ಯಾಯರು ಡಬಲ್ ಪ್ರಮೋಷನ್ ಕೊಡಿಸೋಣ ಎನ್ನುತ್ತಾರೆ. ಹಾಸನದಲ್ಲಿರುವ ಬಾಮೈದ ತನ್ನ ಮನೆಯಲ್ಲಿಟ್ಟುಕೊಂಡು ಕೋಚಿಂಗ್‌ಗೆ ಹಾಕುತ್ತೇನೆ ಎನ್ನುತ್ತಾನೆ. ಹಣ ಕಟ್ಟಿದರೆ ದಾಖಲೆ ಪುಸ್ತಕದಲ್ಲಿ ಹೆಸರು ಬರುತ್ತದೆ, ಟೀವಿಯಲ್ಲೂ ತೋರಿಸಬಹುದು ಎಂದು ಒಬ್ಬರು ಫೋನ್ ಮಾಡಿದ್ದರು. ನಮ್ಮವ್ವ ಮಾತ್ರ ‘ಮಗುವನ್ನು ನಾಲ್ಕು ಜನರ ಮುಂದೆ ನಿಲ್ಲಿಸಬೇಡ, ದೃಷ್ಟಿಯಾಗುತ್ತದೆ’ ಎನ್ನುತ್ತಾರೆ. ಇವಳು ಬಾಲ ಪ್ರತಿಭೆಯೇ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು 98 ಕಿಲೋದ ಲೆಕ್ಕವನ್ನು. 46ಕ್ಕೆ ಐದರಂತೆ ಒಮ್ಮೆ, ಅರ್ಧದಂತೆ ಇನ್ನೊಮ್ಮೆ ಗುಣಿಸಿ ಕೂಡಿದ ಮಗು, 98 ಬಂದೊಡನೆ ಆ ದಾರಿಯನ್ನು ಬಿಟ್ಟು, ನೂರರಿಂದ ಹಿಂದಕ್ಕೆ ಬಂದು 539ಕ್ಕೆ ತಲುಪಿದ್ದಾಳೆ. ಮಗ್ಗಿ ಬಾಯಿಪಾಠ ಮಾಡಿದ ಮಕ್ಕಳು ಎಲ್ಲ ಸಂಖ್ಯೆಗಳಿಗೂ ಒಂದೇ ವಿಧಾನವನ್ನು ಹೂಡುತ್ತಾರೆ. ಎದುರಿಗಿರುವ ಸಂಖ್ಯೆಯನ್ನು ನೋಡಿ ವಿಧಾನವನ್ನು ಬದಲಿಸುವ ಮಗುವಿಗೆ ಗುಣಾಕಾರವೆಂದರೇನು ಎಂಬುದು ಒಳಗಿನಿಂದ ಅರ್ಥವಾಗಿರುತ್ತದೆ. ಎಂಟನೆಯ ವಯಸ್ಸಿಗೆ ಇದು ನಿಶ್ಚಯವಾಗಿಯೂ ಅಪರೂಪ, ಆದ್ದರಿಂದ ನೀವು ಸುಮ್ಮನೆ ಹಿಗ್ಗುತ್ತಿಲ್ಲ, ನಿಮ್ಮ ಕಣ್ಣು ಸರಿಯಾದುದನ್ನೇ ಕಂಡಿದೆ.

ಆದರೆ ಬಾಲ ಪ್ರತಿಭೆ ಎಂಬ ಹೆಸರನ್ನು ಸಂಶೋಧಕರು ಇದಕ್ಕಿಂತ ಬಿಗಿಯಾಗಿ ಬಳಸುತ್ತಾರೆ. ಇಂಥ ಮಕ್ಕಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿ 1986ರಲ್ಲಿ ಬರೆದ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಹೆನ್ರಿ ಫೆಲ್ಡ್‌ಮನ್ ಅವರ ಪ್ರಕಾರ, 10 ವರ್ಷ ತುಂಬುವುದರೊಳಗೆ ಯಾವುದಾದರೊಂದು ಕಠಿಣ ವಿದ್ಯೆಯಲ್ಲಿ ನುರಿತ ವಯಸ್ಕರ ಮಟ್ಟವನ್ನು ಮುಟ್ಟಿದ ಮಗುವಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಈ ಅಳತೆಯಲ್ಲಿ ನಿಮ್ಮ ಮಗಳು ಬಾಲ ಪ್ರತಿಭೆಯಲ್ಲ. ಒಂದು ವಿಷಯದಲ್ಲಿ ತನ್ನ ಓರಗೆಯವರಿಗಿಂತ ಸುಮಾರು ನಾಲ್ಕು ವರ್ಷ ಮುಂದಿರುವ ಮಗು. ಹೀಗೆ ಹೇಳಿದ್ದರಿಂದ ಅವಳ ಬೆಲೆ ಕಡಿಮೆಯಾಗುವುದಿಲ್ಲ, ನಿಮ್ಮ ಹೊಣೆ ಸ್ಪಷ್ಟವಾಗುತ್ತದೆ. ಇನ್ನು ಹದಿನೈದು ವರ್ಷಗಳ ಮೇಲೆ ಅವಳು ಏನಾಗುತ್ತಾಳೆ ಎಂಬುದು ಇಂದು ಯಾರಿಗೂ ತಿಳಿಯದ ಸಂಗತಿ. ಮುಂದಿನ ಆರು ತಿಂಗಳಲ್ಲಿ ಅವಳ ತಲೆಗೆ ಎಂಥ ಮೇವು ಬೇಕು ಎಂಬುದನ್ನು ಮಾತ್ರ ನಾವು ಇಂದೇ ಕಂಡುಕೊಳ್ಳಬಹುದು. ನಿಮ್ಮ ಮುಂದಿರುವ ಎಲ್ಲ ಸಲಹೆಗಳನ್ನೂ ಈ ಎರಡನೆಯ ಪ್ರಶ್ನೆಯಿಂದಲೇ ಅಳೆಯಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ಎಳೆಯ ವಯಸ್ಸಿನ ಅಸಾಧಾರಣ ಸಾಧನೆಗಳು ಹೆಚ್ಚಾಗಿ ಕಾಣಿಸುವುದು ಸಂಗೀತ, ಚದುರಂಗ ಮತ್ತು ಗಣಿತದಲ್ಲಿ. ಈ ಮೂರರಲ್ಲೂ ನಿಯಮಗಳು ಗೊತ್ತಾಗಿವೆ, ತಪ್ಪು ಒಪ್ಪು ಆ ಕ್ಷಣವೇ ತಿಳಿಯುತ್ತದೆ, ಲೋಕಾನುಭವದ ಅಗತ್ಯ ಕಡಿಮೆ. ಎಂಟು ವರ್ಷದ ಕಾದಂಬರಿಕಾರರೋ ನ್ಯಾಯವಾದಿಗಳೋ ಇಲ್ಲದಿರುವುದಕ್ಕೆ ಇದೇ ಕಾರಣ. ಜೋಆನ್ ರುಥ್‌ಸಾಟ್ಜ್ ಎಂಬ ಸಂಶೋಧಕಿ ಬಾಲ ಪ್ರತಿಭೆಗಳೆಂದೇ ಹೆಸರಾದ ಎಂಟು ಮಂದಿಯನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರೆಲ್ಲರಿಗೂ ಸಮಾನವಾಗಿದ್ದದ್ದು ಕೈಯಲ್ಲಿರುವ ಕೆಲಸಕ್ಕೆ ಬೇಕಾದ ವಿವರಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಅತ್ಯಸಾಧಾರಣ ಶಕ್ತಿ. ಒಟ್ಟಾರೆ ಬುದ್ಧಿಮತ್ತೆಯ ಅಂಕಗಳಲ್ಲಿ ಅವರವರ ನಡುವೆ ದೊಡ್ಡ ಅಂತರವಿತ್ತು. ನಿಮ್ಮ ಮಗಳು 100, 550, 11 ಈ ಮೂರನ್ನೂ ಕಾಗದವಿಲ್ಲದೆ ಒಟ್ಟಿಗೆ ಇಟ್ಟುಕೊಂಡಳಲ್ಲ, ಅದು ಇದೇ ಶಕ್ತಿಯ ಕೆಲಸ. ಈ ಅಧ್ಯಯನದಿಂದ ನಾವು ತಿಳಿಯಬೇಕಾದ ಇನ್ನೊಂದು ಮಾತಿದೆ. ಲೆಕ್ಕದಲ್ಲಿ ನಾಲ್ಕು ವರ್ಷ ಮುಂದಿರುವ ಮಗು ಓದಿನಲ್ಲಿ, ಬರವಣಿಗೆಯಲ್ಲಿ, ಸಿಟ್ಟು ಅಳುಗಳನ್ನು ಸಂಭಾಳಿಸುವುದರಲ್ಲಿ ಎಂಟು ವರ್ಷದ ಮಗುವೇ ಆಗಿರಬಹುದು, ಮತ್ತು ಹಾಗಿರುವುದೇ ಸರಿ.

ಲೆಕ್ಕದ ವೇಗವನ್ನೂ ಗಣಿತವನ್ನೂ ಒಂದೇ ಎಂದು ತಿಳಿಯುವವರು ಬಹಳ. ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲೇ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು. ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ತಂದೆಯ ಮಗಳಾಗಿ ಅವರು ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ಊರೂರು ತಿರುಗಿ ಪ್ರದರ್ಶನ ಕೊಟ್ಟರು. ಆ ಶಕ್ತಿ ಅದ್ಭುತವಾದದ್ದು, ಆದರೆ ಹೊಸ ಪ್ರಮೇಯವನ್ನು ಕಂಡು ಸಾಧಿಸುವ ಗಣಿತ ಬೇರೆ ಬಗೆಯ ವಿದ್ಯೆ, ಅದಕ್ಕೆ ಬೇರೆ ಬಗೆಯ ಶಿಕ್ಷಣ ಬೇಕು. ಅಂಥ ಶಿಕ್ಷಣದ ಬಾಗಿಲು ಆ ಮಗುವಿಗೆ ತೆರೆಯಲಿಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ನಿಮ್ಮ ಮಗಳ ಒಲವು ಎತ್ತ ಕಡೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಕೂಡಿದರೆ 20 ಆಗುವ ಎರಡು ಸಂಖ್ಯೆಗಳನ್ನು ಆರಿಸಿಕೊಂಡು ಗುಣಿಸು, ಅತಿ ದೊಡ್ಡ ಉತ್ತರ ಯಾವಾಗ ಬರುತ್ತದೆ ಎಂದು ಕೇಳಿ. ಅವಳು 1 ಮತ್ತು 19, 5 ಮತ್ತು 15 ಎಂದು ಪ್ರಯತ್ನಿಸುತ್ತಾ 10 ಮತ್ತು 10ಕ್ಕೆ ಬರುತ್ತಾಳೆ, 100 ಎನ್ನುತ್ತಾಳೆ. ಆಗ ಸುಮ್ಮನಿರಿ. ಉತ್ತರ ಬಂದ ಮೇಲೆ ಅವಳು ಏಳುತ್ತಾಳೋ, ಅಲ್ಲೇ ಕೂತು ಇನ್ನೂ ಏನನ್ನೋ ಹುಡುಕುತ್ತಾಳೋ ನೋಡಿ. 9 ಮತ್ತು 11ಕ್ಕೆ 99, 8 ಮತ್ತು 12ಕ್ಕೆ 96, 7 ಮತ್ತು 13ಕ್ಕೆ 91 ಬರುತ್ತದೆ. ನೂರಕ್ಕೆ ಕಡಿಮೆ ಬಿದ್ದದ್ದು 1, 4, 9. ಮುಂದಿನದು 16 ಇರಬೇಕು ಎಂದು ತಾನಾಗಿ ಹೇಳಿ, 6 ಮತ್ತು 14ನ್ನು ಗುಣಿಸಿ 84 ಬಂದಾಗ ಕುಣಿದರೆ, ಅಥವಾ ಹೀಗೇಕೆ ಆಗುತ್ತದೆ ಎಂದು ನಿಮ್ಮನ್ನು ಕಾಡಿದರೆ, ನಿಮ್ಮ ಮನೆಯಲ್ಲಿರುವುದು ಗಣಿತದ ಹಸಿವು. ಕುಣಿಯದಿದ್ದರೂ ಚಿಂತೆಯಿಲ್ಲ, ಒಂದು ದಿನದ ಮನಸ್ಸಿನ ಮೇಲೆ ಏನನ್ನೂ ತೀರ್ಮಾನಿಸಬಾರದು. ಇಂಥ ಪ್ರಶ್ನೆಗಳನ್ನು ಆಗಾಗ ಅವಳ ಮುಂದಿಡುತ್ತಾ ಬನ್ನಿ. ಉತ್ತರ ನಿಮಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಇಬ್ಬರೂ ಕೂತು ಹುಡುಕಬಹುದು.

ಈಗ ಬಾಮೈದನವರ ಮಾತಿಗೆ ಬರುತ್ತೇನೆ. ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಮಾತನ್ನು ನಂಬಿ, ಎಳವೆಯಲ್ಲಿ ಮುಂದಿದ್ದವರೇ ಮುಂದೆಯೂ ಮುಂದಿರುತ್ತಾರೆ, ಆದ್ದರಿಂದ ಈಗಲೇ ಬಿಗಿಯಾಗಿ ಹಿಡಿಯಬೇಕು ಎಂದು ಅವರು ಯೋಚಿಸಿರಬೇಕು. ಅಮೆರಿಕದ ಮನೋವಿಜ್ಞಾನಿ ಲೆವಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಮತ್ತೆಯ ಪರೀಕ್ಷೆಯ ಮೂಲಕ ಸುಮಾರು 1,500 ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸುವ ಅಧ್ಯಯನವನ್ನು ಆರಂಭಿಸಿದರು. ಆ ಮಕ್ಕಳು ದೊಡ್ಡವರಾಗಿ ಒಳ್ಳೆಯ ಓದು, ಒಳ್ಳೆಯ ಉದ್ಯೋಗ ಪಡೆದು ಬಹುಮಟ್ಟಿಗೆ ಚೆನ್ನಾಗಿಯೇ ಬಾಳಿದರು. ಆದರೆ ಆ ಪರೀಕ್ಷೆಯಲ್ಲಿ ಅಂಕ ಸಾಲದೆ ಹೊರಗುಳಿದ ಮಕ್ಕಳಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿ ಆಲ್ವಾರೆಜ್ ಇದ್ದರು; 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ ಭೌತವಿಜ್ಞಾನದ ನೊಬೆಲ್ ಬಂದಿತು. ಆರಿಸಿದವರಲ್ಲಿ ಯಾರಿಗೂ ಬರಲಿಲ್ಲ. ಕ್ರೀಡಾಪಟುಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಆರ್ನೆ ಗ್ಯೂಲಿಶ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದ ಸಂಗತಿ ಇನ್ನೂ ಗಮನಾರ್ಹ. ಕಿರಿಯರ ವಿಭಾಗದಲ್ಲಿ ಮೇಲೆ ಬಂದವರು ಒಂದೇ ಆಟವನ್ನು ಬೇಗ ಹಿಡಿದು ಬೇಗ ಬೆಳೆದವರು. ವಯಸ್ಕರಾಗಿ ವಿಶ್ವಮಟ್ಟ ಮುಟ್ಟಿದವರು ಚಿಕ್ಕಂದಿನಲ್ಲಿ ಹಲವು ಆಟಗಳನ್ನಾಡಿ, ತಮ್ಮ ಆಟಕ್ಕೆ ತಡವಾಗಿ ಬಂದು, ಮೊದಮೊದಲು ನಿಧಾನವಾಗಿ ಬೆಳೆದವರು.

ಇದಕ್ಕೆ ಎದುರಾದ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡುವುದು ನ್ಯಾಯವಲ್ಲ. 2006ರಲ್ಲಿ ಹುಟ್ಟಿದ ಚೆನ್ನೈನ ಡಿ. ಗುಕೇಶ್ 12ನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ, 2024ರ ಡಿಸೆಂಬರಿನಲ್ಲಿ 18ನೆಯ ವಯಸ್ಸಿಗೇ ಚದುರಂಗದ ವಿಶ್ವ ಚಾಂಪಿಯನ್ ಆದರು. ಆಸ್ಟ್ರೇಲಿಯಾದ ಟೆರೆನ್ಸ್ ಟಾವ್ 1986, 1987 ಮತ್ತು 1988ರ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗಳಲ್ಲಿ ಕಂಚು, ಬೆಳ್ಳಿ, ಚಿನ್ನ ಗೆದ್ದಾಗ ಅವರಿಗೆ 10ರಿಂದ 13ರ ವಯಸ್ಸು. 2006ರಲ್ಲಿ ಅವರಿಗೆ ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಬಂದಿತು. ಆದರೆ ಟಾವ್ ಅವರ ತಂದೆತಾಯಿ ಮಾಡಿದ್ದನ್ನು ಗಮನಿಸಿ. ಮೂರೂವರೆ ವರ್ಷಕ್ಕೆ ಶಾಲೆಗೆ ಸೇರಿಸಿ, ಪಾಠಕ್ಕೆ ಸಿದ್ಧನಿದ್ದರೂ ತರಗತಿಯ ನಡುವೆ ಇರುವುದಕ್ಕೆ ಮಗು ಇನ್ನೂ ಸಿದ್ಧವಿಲ್ಲವೆಂದು ಕಂಡಾಗ ಕೆಲವೇ ವಾರಗಳಲ್ಲಿ ಬಿಡಿಸಿ, ಐದು ವರ್ಷವಾಗುವವರೆಗೂ ಕಾದರು. ಆಮೇಲೆ ಗಣಿತಕ್ಕೆ ಬಹಳ ಮೇಲಿನ ತರಗತಿ, ಉಳಿದ ವಿಷಯಗಳಿಗೆ ಕೆಳಗಿನ ತರಗತಿ ಎಂದು ಶಾಲೆಯೊಡನೆ ಹೊಂದಿಸಿಕೊಂಡರು.

ಎಳೆಯ ಸಾಧನೆ ಹಿರಿಯ ಸಾಧನೆಯಾಗಿ ಮಾರ್ಪಡುವುದು ಹೇಗೆಂಬುದನ್ನು ತಿಳಿಯಲು ನಾನು ಮತ್ತೆ ಮತ್ತೆ ನೆನೆಯುವುದು ಕುಮಾರ ಗಂಧರ್ವರನ್ನು. 1924ರಲ್ಲಿ ಬೆಳಗಾವಿ ಬಳಿಯ ಸೂಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕ, ಆ ಕಾಲದ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಅವರಂತೆಯೇ ಹಾಡಿಬಿಡುತ್ತಿದ್ದ. ಆ ಬೆರಗಿನಲ್ಲೇ ಹಿರಿಯರು ಅವನಿಗೆ ಕುಮಾರ ಗಂಧರ್ವ ಎಂಬ ಬಿರುದನ್ನು ಕೊಟ್ಟರು. ಹತ್ತು ಹನ್ನೊಂದರ ವಯಸ್ಸಿನಲ್ಲೇ ದೊಡ್ಡ ಸಂಗೀತ ಸಮ್ಮೇಳನಗಳಲ್ಲಿ ಹಾಡಿ ಸಭೆಯನ್ನು ಗೆದ್ದ. ಅಲ್ಲಿಗೇ ಬಿಟ್ಟಿದ್ದರೆ, ಕಂಠ ಒಡೆಯುವ ವಯಸ್ಸು ಬಂದಾಗ ಆ ಅನುಕರಣೆಯೂ ಚಪ್ಪಾಳೆಯೂ ಒಟ್ಟಿಗೇ ನಿಲ್ಲಬಹುದಿತ್ತು. ಹಾಗಾಗದಂತೆ ತಡೆದದ್ದು ಅವರನ್ನು ಮುಂಬಯಿಯ ಬಿ.ಆರ್. ದೇವಧರರ ಬಳಿ ಕಲಿಯಲು ಬಿಟ್ಟದ್ದು. ಹಾಡಬಲ್ಲ ಹುಡುಗ ಅಲ್ಲಿ ಶಿಷ್ಯನಾಗಿ ಕೂತು, ತಾನು ಈವರೆಗೆ ಹಾಡಿದ್ದು ಏಕೆ ಹಾಗಿದೆ ಎಂಬುದನ್ನು ವರ್ಷಗಟ್ಟಲೆ ಕಲಿತ. ಮುಂದೆ 1940ರ ದಶಕದ ಕೊನೆಯಲ್ಲಿ ಕ್ಷಯರೋಗ ತಗುಲಿ, ಮಧ್ಯಪ್ರದೇಶದ ದೇವಾಸದಲ್ಲಿ ಕೆಲವು ವರ್ಷ ಹಾಡದೆ ಇರಬೇಕಾಯಿತು. ಅದರಿಂದ ಎದ್ದು ಬಂದ ಮೇಲೆ ಹಾಡಿದ ಸಂಗೀತ, ಮಾಳವದ ಜನಪದ ಧಾಟಿಗಳಿಂದ ಅವರು ಕಟ್ಟಿದ ಹೊಸ ರಾಗಗಳು, ಕಬೀರನ ನಿರ್ಗುಣ ಪದಗಳು, ಇವು ಯಾರ ತಟ್ಟೆಯಲ್ಲೂ ಮೊದಲು ಇರಲಿಲ್ಲ. ಇದ್ದುದನ್ನು ಬೇಗ ಕಲಿಯುವ ಶಕ್ತಿಯಿಂದ ಇಲ್ಲದ್ದನ್ನು ಕಟ್ಟುವ ಶಕ್ತಿಯವರೆಗಿನ ದಾರಿ ಬಹಳ ಉದ್ದ, ಮತ್ತು ಆ ದಾರಿಯಲ್ಲಿ ಮಗುವಿಗೆ ಪ್ರೇಕ್ಷಕರಿಗಿಂತ ಗುರು ಬೇಕು. ಏಳನೆಯ ತರಗತಿಯ ಲೆಕ್ಕ ಮಾಡುವುದು ಈ ದಾರಿಯ ಮೊದಲ ಭಾಗದಲ್ಲಿದೆ.

ಪ್ರತಿಭೆಗೆ ಪರಿಸರ ಮಾಡುವ ಉಪಕಾರವನ್ನು ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲಿರುವ ರುದ್ರಪಟ್ಟಣ ಎಂಬ ಪುಟ್ಟ ಊರಿನಿಂದ ಎಷ್ಟು ಮಂದಿ ಕರ್ನಾಟಕ ಸಂಗೀತದ ವಿದ್ವಾಂಸರು ಬಂದಿದ್ದಾರೆಂದರೆ, ಅದನ್ನು ಕಾಕತಾಳೀಯವೆನ್ನಲು ಸಾಧ್ಯವೇ ಇಲ್ಲ. ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ರುದ್ರಪಟ್ಟಣ ಸಹೋದರರು ಅಲ್ಲಿಯವರು, ಆರ್.ಕೆ. ಪದ್ಮನಾಭ ಅಲ್ಲಿಯವರು. ಆ ಊರಿನ ನೀರಿನಲ್ಲಿ ಸಂಗೀತವಿದೆ ಎಂದು ಜನ ಪ್ರೀತಿಯಿಂದ ಹೇಳುತ್ತಾರೆ, ಆದರೆ ಇದ್ದದ್ದು ಮನೆಗಳಲ್ಲಿ. ತಂದೆಯೋ ಅಣ್ಣನೋ ದಿನವೂ ಸಾಧನೆ ಮಾಡುವುದನ್ನು ಕೇಳುತ್ತಾ, ತಪ್ಪಿದರೆ ಅಲ್ಲೇ ತಿದ್ದಿಸಿಕೊಳ್ಳುತ್ತಾ ಮಕ್ಕಳು ಬೆಳೆದರು. ಹಾಡುವುದು ಅಲ್ಲಿ ವಿಶೇಷವಾದ ಪವಾಡವೆನಿಸದೆ ಮಾಡಲೇಬೇಕಾದ ಕೆಲಸವೆನಿಸಿತ್ತು. 1920ರಲ್ಲಿ ಹುಟ್ಟಿದ ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಅದೇ 1920ರಲ್ಲಿ ಇದೇ ಜಿಲ್ಲೆಯ ಗದ್ದವಳ್ಳಿಯಲ್ಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ಯರು ಹುಡುಗನಾಗಿದ್ದಾಗಲೇ ಮೈಸೂರು ಅರಮನೆಯಲ್ಲಿ ವೀಣೆ ನುಡಿಸಿದರು. ಅವರಿಗೂ ಮೊದಲು ತಂದೆಯ ಪಾಠ, ಆಮೇಲೆ ವೀಣೆ ವೆಂಕಟಗಿರಿಯಪ್ಪನವರ ಕಟ್ಟುನಿಟ್ಟಾದ ಶಿಕ್ಷಣ. ಒಬ್ಬರ ಹೆಸರು ಬೇಗ ಕೇಳಿಸಿತು, ಇನ್ನೊಬ್ಬರದು ನಿಧಾನವಾಗಿ ಬೆಳೆಯಿತು, ಇಬ್ಬರೂ ಕೊನೆಯವರೆಗೆ ವಿದ್ವಾಂಸರಾಗಿಯೇ ಉಳಿದರು.

ನಿಮ್ಮ ಮನೆಯಲ್ಲಿ ಗಣಿತದ ವಿದ್ವಾಂಸರಿಲ್ಲ ಎಂದು ನೀವು ಕೊರಗಬೇಕಾಗಿಲ್ಲ. ತೂಕದ ಚೀಟಿ, ಕೂಲಿಯ ಪಟ್ಟಿ, ಚೀಲಗಳ ಲೆಕ್ಕ, ಮಳೆ ಅಳೆದು ಬರೆದಿಡುವ ತೋಟದ ಪುಸ್ತಕ, ಇವೆಲ್ಲ ನಿಮ್ಮ ಕೈಯಲ್ಲಿವೆ. ಕಳೆದ ಹತ್ತು ವರ್ಷಗಳ ಮಾರ್ಚ್ ತಿಂಗಳ ಮಳೆಯನ್ನು ಅವಳ ಕೈಯಿಂದಲೇ ನಕ್ಷೆಯಾಗಿ ಬರೆಸಿದರೆ, ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿತು, ಆ ವರ್ಷ ಫಸಲು ಎಷ್ಟಾಯಿತು ಎಂದು ಅವಳೇ ಹುಡುಕುತ್ತಾಳೆ. ಬಹಳಷ್ಟು ಪಟ್ಟಣದ ಮಕ್ಕಳಿಗೆ ಇಂಥ ಜೀವಂತ ಅಂಕಿಗಳು ಸಿಗುವುದೇ ಇಲ್ಲ.

ಇನ್ನು ದಾಖಲೆ ಪುಸ್ತಕ ಮತ್ತು ಟೀವಿಯ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಬೇಡ. ಕಾರಣವನ್ನು ಹೇಳಲು ಇಬ್ಬರು ಹುಡುಗರ ಕಥೆ ಹೇಳಬೇಕು. 1909ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಏಕಕಾಲಕ್ಕೆ ಇಬ್ಬರು ಬಾಲ ಪ್ರತಿಭೆಗಳಿದ್ದರು. ವಿಲಿಯಂ ಜೇಮ್ಸ್ ಸೈಡಿಸ್ 11ನೆಯ ವಯಸ್ಸಿನಲ್ಲಿ ಸೇರಿ, 1910ರ ಜನವರಿಯಲ್ಲಿ ಅಲ್ಲಿನ ಗಣಿತಜ್ಞರ ಮುಂದೆ ನಾಲ್ಕು ಆಯಾಮಗಳ ಆಕೃತಿಗಳನ್ನು ಕುರಿತು ಉಪನ್ಯಾಸ ಕೊಟ್ಟ. ಪತ್ರಿಕೆಗಳು ಅವನ ಬೆನ್ನು ಬಿಡಲಿಲ್ಲ. ದೊಡ್ಡವನಾದ ಮೇಲೆ ಅವನು ಗಣಿತದಿಂದಲೇ ದೂರ ಸರಿದು, ಸಣ್ಣ ಗುಮಾಸ್ತಿಕೆಗಳಲ್ಲಿ ತಲೆಮರೆಸಿಕೊಂಡು ಬದುಕಿದ. 1937ರಲ್ಲಿ ಒಂದು ಪತ್ರಿಕೆ ಅವನನ್ನು ಹುಡುಕಿ ಹೋಗಿ ಮತ್ತೆ ಬರೆದಾಗ ತನ್ನ ಖಾಸಗಿತನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ, ಅಲ್ಲಿಯೂ ಆ ವಾದ ನಿಲ್ಲಲಿಲ್ಲ. 1944ರಲ್ಲಿ 46ನೆಯ ವಯಸ್ಸಿನಲ್ಲಿ ತೀರಿಕೊಂಡ. ಇನ್ನೊಬ್ಬ ನಾರ್ಬರ್ಟ್ ವೀನರ್, 18ನೆಯ ವಯಸ್ಸಿಗೆ ಡಾಕ್ಟರೇಟ್ ಪಡೆದು, ಮುಂದೆ ಯಂತ್ರಗಳಲ್ಲೂ ಜೀವಿಗಳಲ್ಲೂ ನಿಯಂತ್ರಣ ಹೇಗೆ ನಡೆಯುತ್ತದೆಂದು ತಿಳಿಸುವ ಸೈಬರ್ನೆಟಿಕ್ಸ್ ಎಂಬ ಶಾಸ್ತ್ರವನ್ನೇ ಕಟ್ಟಿದ ಮಹಾನ್ ಗಣಿತಜ್ಞ. ಆದರೂ ತನ್ನ ಬಾಲ್ಯದ ಬಗ್ಗೆ ಅವನು ನೋವಿನಿಂದಲೇ ಬರೆದ. ಮಗ ಸಾಮಾನ್ಯ ಹುಡುಗ, ನನ್ನ ತರಬೇತಿಯಿಂದಲೇ ಹೀಗಾದ ಎಂದು ತಂದೆ ಪತ್ರಿಕೆಯಲ್ಲಿ ಹೇಳಿಕೊಂಡಿದ್ದರು. ಅದನ್ನು ಓದಿದ ಹುಡುಗನಿಗೆ, ಗೆಲುವೆಲ್ಲ ತಂದೆಯದು, ಸೋಲು ಮಾತ್ರ ತನ್ನದು ಎನಿಸಿತು.

ತೋಟದಲ್ಲಿ ಮುಂಗಡ ಪಡೆದ ಆಳು ಅದನ್ನು ತೀರಿಸುವವರೆಗೆ ಹೇಗೆ ಬಿಟ್ಟು ಹೋಗಲಾರನೋ ನಿಮಗೆ ಚೆನ್ನಾಗಿ ಗೊತ್ತು. ಎಂಟು ವರ್ಷದ ಮಗುವಿನ ಹೆಸರಿನಲ್ಲಿ ಊರಿನಿಂದ ಮೆಚ್ಚುಗೆಯ ಮುಂಗಡ ಪಡೆದರೆ ಅದನ್ನು ತೀರಿಸಬೇಕಾದವಳು ಹದಿನಾಲ್ಕು ವರ್ಷದ ಹುಡುಗಿ. ಆಗ ಅವಳಿಗೆ ಒಂದು ಪ್ರಮೇಯ ಅರ್ಥವಾಗದೆ ಹೋದರೆ, ಅಥವಾ ಗಣಿತಕ್ಕಿಂತ ಜೀವವಿಜ್ಞಾನವೇ ಇಷ್ಟವಾದರೆ, ಅದನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಇರಬೇಕು. ಹಣ ತೆಗೆದುಕೊಂಡು ಕೊಡುವ ಪ್ರಶಸ್ತಿಪತ್ರ ಅವಳಿಗೆ ಒಂದೇ ಒಂದು ಹೊಸ ಲೆಕ್ಕವನ್ನೂ ಕಲಿಸುವುದಿಲ್ಲ. ಟೀವಿ ಕಾರ್ಯಕ್ರಮಗಳ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದೂ ನಿಮಗೆ ತಿಳಿದಿರಲಿ. ಬಾಲಕಾರ್ಮಿಕ ನಿಷೇಧ ಕಾಯ್ದೆಯ 2017ರ ನಿಯಮಗಳಂತೆ, ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಅವರ ಸಂಪಾದನೆಯಲ್ಲಿ ಕನಿಷ್ಠ 20 ಪ್ರತಿಶತವನ್ನು ಮಗುವಿನ ಹೆಸರಿನಲ್ಲಿ ನಿಶ್ಚಿತ ಠೇವಣಿ ಇಡಬೇಕು. ಇಂಥ ನಿಯಮ ಮಾಡಬೇಕಾಗಿ ಬಂತೆಂದರೆ ಆ ಲೋಕದಲ್ಲಿ ಮಕ್ಕಳಿಗೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ನಿಮ್ಮ ತಾಯಿಯವರು ದೃಷ್ಟಿ ಎಂದದ್ದನ್ನು ನಾನು ಬೇರೆ ಮಾತಿನಲ್ಲಿ ಹೇಳುತ್ತಿದ್ದೇನೆ ಅಷ್ಟೆ, ಈ ವಿಷಯದಲ್ಲಿ ಅವರ ತೀರ್ಪನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಡಬಲ್ ಪ್ರಮೋಷನ್ ಬಗ್ಗೆ ಇಷ್ಟು ಸುಲಭವಾಗಿ ಬೇಡವೆನ್ನಲಾರೆ. 1971ರಲ್ಲಿ ಜೂಲಿಯನ್ ಸ್ಟಾನ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ, ಗಣಿತದಲ್ಲಿ ಮುಂದಿರುವ ಮಕ್ಕಳ ದೀರ್ಘಕಾಲದ ಅಧ್ಯಯನವೂ ಅಂಥ ಇತರ ಅಧ್ಯಯನಗಳೂ, ಸಿದ್ಧವಾಗಿರುವ ಮಗುವಿಗೆ ಪಾಠದ ವೇಗ ಹೆಚ್ಚಿಸುವುದರಿಂದ ಸಾಮಾನ್ಯವಾಗಿ ಒಳಿತೇ ಆಗುತ್ತದೆ ಎಂದು ತೋರಿಸಿವೆ. ಗೊತ್ತಿರುವುದನ್ನೇ ವರ್ಷವಿಡೀ ಕೇಳುತ್ತಾ ಕೂರುವ ಮಗು ಕಲಿಯುವ ಅಭ್ಯಾಸವನ್ನೇ ಕಳೆದುಕೊಳ್ಳುತ್ತದೆ, ಆದ್ದರಿಂದ ಮುಖ್ಯೋಪಾಧ್ಯಾಯರ ಕಾಳಜಿ ಸರಿಯಾಗಿದೆ. ಆದರೆ ನಿಮ್ಮ ಮಗಳು ಮುಂದಿರುವುದು ಗಣಿತದಲ್ಲಿ. ಕನ್ನಡ ಓದು ಬರಹ ತರಗತಿಗೆ ತಕ್ಕಂತೆ ಇದೆ, ಇಂಗ್ಲಿಷ್ ಸ್ವಲ್ಪ ಹಿಂದೆ ಎಂದು ನೀವೇ ಬರೆದಿದ್ದೀರಿ. ಇಡೀ ಮಗುವನ್ನು ಎತ್ತಿ ಐದನೆಯ ತರಗತಿಗೆ ಕೂರಿಸಿದರೆ ಗಣಿತ ಆಗಲೂ ಸುಲಭವೇ, ಉಳಿದದ್ದು ಕಷ್ಟ. ರಾಮಾನುಜನ್ ಅವರಂಥವರೇ ಕುಂಭಕೋಣದ ಕಾಲೇಜಿನಲ್ಲಿ ಗಣಿತವೊಂದನ್ನೇ ಹಿಡಿದು ಬೇರೆ ವಿಷಯಗಳನ್ನು ಬಿಟ್ಟದ್ದರಿಂದ ವಿದ್ಯಾರ್ಥಿವೇತನವನ್ನು ಕಳೆದುಕೊಂಡು ವರ್ಷಗಟ್ಟಲೆ ಅಲೆದಾಡಬೇಕಾಯಿತು.

ಆದ್ದರಿಂದ ನನ್ನ ಸಲಹೆ, ತರಗತಿ ಇದ್ದಲ್ಲೇ ಇರಲಿ, ಗಣಿತದ ಪೀರಿಯಡ್‌ಗೆ ಮಾತ್ರ ಅವಳು ಮೇಲಿನ ತರಗತಿಗೆ ಹೋಗಲಿ. ನಿಮ್ಮದು ಒಂದರಿಂದ ಏಳರವರೆಗಿನ ಶಾಲೆಯಾದ್ದರಿಂದ ಇದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುವ ಕೆಲಸ. ನಮ್ಮ ಸರ್ಕಾರಿ ಶಾಲೆಗಳಿಗೆ ಈ ವಿಚಾರ ಹೊಸದೂ ಅಲ್ಲ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಲ್ಲಿ, ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ನಿಮ್ಮ ಮಗಳು ಇಷ್ಟು ಮುಂದೆ ಬಂದದ್ದಕ್ಕೆ ಆ ಪದ್ಧತಿಯೂ ಅವಳ ಮಿಸ್ ಅವರೂ ಕಾರಣರಿರಬಹುದು. ನಾಲ್ಕನೆಯ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ ಶುರುವಾಗುತ್ತದೆ. ಮಗುವಿಗೆ ಬೇಸರ ಹತ್ತುವುದು ಅಲ್ಲಿಂದಲೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಪಠ್ಯದಾಚೆಯ ಸಾಮಗ್ರಿ, ಮಾರ್ಗದರ್ಶನ ಕೊಡಬೇಕೆಂಬ ಮಾತಿದೆ, ಮುಖ್ಯೋಪಾಧ್ಯಾಯರು ಅದನ್ನು ಆಧಾರವಾಗಿಟ್ಟುಕೊಳ್ಳಬಹುದು.

ಡಬಲ್ ಪ್ರಮೋಷನ್‌ಗೆ ಒಪ್ಪುವ ಮುನ್ನ ಇನ್ನೊಂದನ್ನು ಯೋಚಿಸಿ. ನಿಮ್ಮ ಜಿಲ್ಲೆಯ ನವೋದಯ ವಿದ್ಯಾಲಯ ಬಾಳೆಹೊನ್ನೂರಿನಲ್ಲಿದೆ. ಹಳ್ಳಿಯ ಮಗುವಿಗೆ ಆರನೆಯ ತರಗತಿಯಿಂದ ಉಚಿತವಾಗಿ ಒಳ್ಳೆಯ ಶಿಕ್ಷಣ ಸಿಗುವ ದೊಡ್ಡ ಅವಕಾಶ ಅದು. ಐದನೆಯ ತರಗತಿಯಲ್ಲಿರುವಾಗ ಬರೆಯುವ ಆ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಅದಕ್ಕೆ ಕನಿಷ್ಠ ವಯಸ್ಸಿನ ಮಿತಿಯಿದೆ, ಹಿಂದಿನ ತರಗತಿಗಳಲ್ಲಿ ಒಂದೊಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕೆಂಬ ನಿಯಮವೂ ಇದೆ. ನಾಲ್ಕನೆಯ ತರಗತಿಯನ್ನು ಹಾರಿಸಿದ ಮಗು ಅಲ್ಲಿ ಅನರ್ಹವಾಗಬಹುದು. ಒಂದು ವರ್ಷ ಉಳಿಸಲು ಹೋಗಿ ಏಳು ವರ್ಷದ ಶಾಲೆಯನ್ನು ಕಳೆದುಕೊಳ್ಳಬೇಡಿ. ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿಯೇ ಮುಂದಿನ ಹೆಜ್ಜೆ ಇಡಿ.

ಹಾಸನದ ಕೋಚಿಂಗ್ ಈ ವಯಸ್ಸಿಗೆ ಬೇಡ. ಆ ಕೇಂದ್ರಗಳಲ್ಲಿ ಹೆಚ್ಚಾಗಿ ಕಲಿಸುವುದು ಪರೀಕ್ಷೆಯ ಪ್ರಶ್ನೆಗೆ ಬೇಗ ಗುರುತು ಹಾಕುವುದನ್ನು, ಅವಳಿಗೆ ಆ ವೇಗ ಈಗಾಗಲೇ ಇದೆ. ಅಪ್ಪ ಅಮ್ಮ ಅಜ್ಜಿಯನ್ನು ಬಿಟ್ಟು ಇನ್ನೊಂದು ಊರಿನಲ್ಲಿರುವಾಗ, ನಾನು ಇಲ್ಲಿರುವುದು ಲೆಕ್ಕ ಬರುತ್ತದೆ ಎಂಬ ಕಾರಣಕ್ಕೆ ಎಂದು ಮಗುವಿನ ಮನಸ್ಸಿಗೆ ಬಂದರೆ, ತನ್ನ ಮೇಲಿನ ಪ್ರೀತಿಯೂ ಲೆಕ್ಕದ ಮೇಲೆಯೇ ನಿಂತಿದೆ ಎಂದು ಅದು ತಿಳಿಯುತ್ತದೆ. ಬಾಮೈದನವರ ಅಕ್ಕರೆಗೆ ಬೇರೆ ದಾರಿ ಇದೆ. ಬೇಸಿಗೆ ರಜೆಯಲ್ಲಿ ಹತ್ತು ದಿನ ಕರೆದುಕೊಂಡು ಹೋಗಲಿ. ಹಳೇಬೀಡಿಗೂ ಬೇಲೂರಿಗೂ ಕರೆದೊಯ್ದು, ಅಲ್ಲಿನ ದೇವಾಲಯ ನಿಂತಿರುವ ನಕ್ಷತ್ರಾಕಾರದ ಕಟ್ಟೆಯ, ಅಂದರೆ ಜಗತಿಯ, ಮೂಲೆಗಳನ್ನು ಎಣಿಸಿ, ಒಂದು ಚೌಕವನ್ನು ತಿರುಗಿಸುತ್ತಾ ಹೋದರೆ ಆ ಆಕಾರ ಹೇಗೆ ಬರುತ್ತದೆಂದು ಕಾಗದದ ಮೇಲೆ ಬರೆಯಿಸಲಿ. ಊರಿನಲ್ಲಿ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ, ಅಲ್ಲಿಗೆ ಹೋಗುವ ಅಭ್ಯಾಸ ಮಾಡಿಸಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯನ್ನು ತರಿಸಿಕೊಡಿ. ಒಲಿಂಪಿಯಾಡ್ ಮುಂತಾದವು ಹೈಸ್ಕೂಲಿನ ಮಾತು, ಈಗ ಅದರ ಹೆಸರನ್ನೂ ಎತ್ತಬೇಡಿ.

ಹೊಗಳುವುದರ ಬಗ್ಗೆಯೂ ಒಂದು ಮಾತು. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೆಯ ತರಗತಿಯ ಮಕ್ಕಳು ಒಗಟು ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬಹಳ ಬುದ್ಧಿವಂತ’ ಎಂದರು, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟೆ’ ಎಂದರು. ಬುದ್ಧಿವಂತ ಎನ್ನಿಸಿಕೊಂಡವರು ಮುಂದೆ ಸುಲಭದ ಕೆಲಸಗಳನ್ನೇ ಹೆಚ್ಚಾಗಿ ಆರಿಸಿಕೊಂಡರು, ಕಷ್ಟದ್ದು ಎದುರಾಗಿ ಸೋತಾಗ ಬೇಗ ಕುಗ್ಗಿದರು, ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ನಿಮ್ಮ ಮಗಳು ಸರಿಯಾದ ಉತ್ತರ ಹೇಳಿದಾಗ ಜಾಣೆ ಎನ್ನುವ ಬದಲು ಹೇಗೆ ಮಾಡಿದೆ ಎಂದು ಕೇಳಿ. 98 ಕಿಲೋದ ದಾರಿ ನಿಮಗೆ ತಿಳಿದದ್ದೂ ಅವಳು ಬಿಡಿಸಿ ಹೇಳಿದ್ದರಿಂದಲೇ. ವಾರಕ್ಕೊಮ್ಮೆಯಾದರೂ ಅವಳಿಗೆ ಆಗದೇ ಇರುವ ಲೆಕ್ಕವೊಂದು ಎದುರಾಗಬೇಕು. ಎಲ್ಲವೂ ತಕ್ಷಣ ಬರುವ ಮಗು, ಬಾರದಿದ್ದಾಗ ಏನು ಮಾಡಬೇಕೆಂಬುದನ್ನು ಕಲಿಯದೆ ದೊಡ್ಡದಾಗುತ್ತದೆ. ಹೈಸ್ಕೂಲಿಗೆ ಬಂದ ಮೇಲೆ ಒಮ್ಮೆಲೇ ಕುಸಿದು ನನ್ನ ಬಳಿಗೆ ಬರುವ ಜಾಣ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಾಣುವುದು ಇದನ್ನೇ.

ಕೊನೆಯದಾಗಿ, ಅವಳು ಹೆಣ್ಣುಮಗಳು ಎಂಬ ಕಾರಣಕ್ಕೆ ಹೇಳಲೇಬೇಕಾದದ್ದು. ಬಾಲ ಪ್ರತಿಭೆ ಎಂದೊಡನೆ ಎಲ್ಲರೂ ಮೊಟ್ಸಾರ್ಟ್ ಹೆಸರು ಹೇಳುತ್ತಾರೆ. 1763ರಲ್ಲಿ ತಂದೆ ಯೂರೋಪಿನ ಪ್ರವಾಸ ಹೊರಟಾಗ ಜೊತೆಗೆ ಕರೆದೊಯ್ದದ್ದು ಇಬ್ಬರು ಮಕ್ಕಳನ್ನು. ಅಕ್ಕ ಮರಿಯಾ ಆನ್ನಾ ಕೂಡ ಸಭೆಗಳನ್ನು ಬೆರಗುಗೊಳಿಸಿದ ವಾದಕಿ. 1769ರಲ್ಲಿ ಇಟಲಿಗೆ ಹೊರಟಾಗ ತಂದೆ ಮಗನನ್ನು ಮಾತ್ರ ಕರೆದೊಯ್ದರು. ಅವಳಿಗೆ ಆಗ 18, ಮದುವೆಯ ವಯಸ್ಸು. ಅಷ್ಟು ಹಳೆಯ ಕಥೆಯಾದರೂ ನಮ್ಮ ಸುತ್ತ ಅದು ನಡೆಯುತ್ತಲೇ ಇದೆ. ಎಂಟು ವರ್ಷದ ಹುಡುಗಿಯ ಲೆಕ್ಕಕ್ಕೆ ಚಪ್ಪಾಳೆ ತಟ್ಟುವ ನೆಂಟರೇ, ಹದಿಮೂರಕ್ಕೆ ಹೈಸ್ಕೂಲು ದೂರ, ಬಸ್ಸು ಸರಿಯಿಲ್ಲ, ಕುಯ್ಲಿನ ಕಾಲದಲ್ಲಿ ಮನೆಯಲ್ಲಿ ಕೈ ಬೇಕು ಎನ್ನತೊಡಗುತ್ತಾರೆ. ಮುಂದೆ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕಾದರೆ ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಹಾಸ್ಟೆಲ್ ಬೇಕಾಗಬಹುದು. ಫೋನಿನಲ್ಲಿ ಕೇಳಿದ ಆ ದಾಖಲೆ ಪುಸ್ತಕದ ಹಣವನ್ನು, ಅದು ಎಷ್ಟೇ ಇರಲಿ, ಅಂಚೆ ಕಚೇರಿಯಲ್ಲಿ ಅವಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು ಅದಕ್ಕೆ ಹಾಕಿ. 10 ವರ್ಷ ತುಂಬುವುದರೊಳಗೆ ಆ ಖಾತೆಯನ್ನು ತೆರೆಯಬೇಕು, ನಿಮಗೆ ಇನ್ನೂ ಸಮಯವಿದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ, ಅವಳಿಗೆ 18 ತುಂಬಿದ ಮೇಲೆ ಓದಿಗಾಗಿ ಅದರಲ್ಲಿ ಅರ್ಧದವರೆಗೆ ತೆಗೆಯಬಹುದು.